ಮಣಿಸರದಿಂದ ಮೊಬೈಲಿಗೆ: ಹೆಣ್ಣುಮಕ್ಕಳ ದಿನ ಎಣಿಸಿದವರ ಚರಿತ್ರೆ

ನಮ್ಮ ಕಳ್ಳಕವಟಗಿ, ಬಿಜ್ಜರಗಿ, ಬಾಬಾನಗರದ ಕಡೆ ಹೊಸ ಬಸುರಿಯ ಹೆಸರು ಬರೆದುಕೊಳ್ಳುವಾಗ ಆಶಾ ಅಕ್ಕ ಮೊದಲು ಕೇಳುವುದು ಕೊನೆಯ ಮುಟ್ಟಿನ ತಾರೀಖು. ಉತ್ತರ ತಾರೀಖಿನಲ್ಲಿ ಬರುವುದು ಕಡಿಮೆ. "ಕಾರ ಹುಣ್ಣಿವಿ ಆಗಿ ಎಂಟ ದಿನಕ್ಕ ತಲಿ ಮ್ಯಾಲ ನೀರ ಹಾಕ್ಕೊಂಡಿದ್ನಿ ನೋಡಕ್ಕಾ" ಎಂಬಂಥ ಉತ್ತರವೇ ಹೆಚ್ಚು. 2025ರ ಕಾರ ಹುಣ್ಣಿಮೆ ಜೂನ್ 11ಕ್ಕೆ. ಅದಾಗಿ ಎಂಟು ದಿನವೆಂದರೆ ಜೂನ್ 19. ಆದರೆ ಆಸ್ಪತ್ರೆಯ ಲೆಕ್ಕಕ್ಕೆ ನೀರು ಹಾಕಿಕೊಂಡ ದಿನ ಬೇಡ, ಮುಟ್ಟು ಶುರುವಾದ ದಿನ ಬೇಕು. ಐದನೇ ದಿನಕ್ಕೆ ತಲೆಸ್ನಾನ ಎಂದು ಹಿಡಿದರೆ ಜೂನ್ 15. ಅದಕ್ಕೆ 280 ದಿನ ಕೂಡಿಸಿದರೆ ಹೆರಿಗೆಯ ದಿನ ಮಾರ್ಚ್ 22. ಕೇಳುವವಳು ಈ ಸೂಕ್ಷ್ಮ ಗೊತ್ತಿಲ್ಲದ ಹೊಸಬಳಾಗಿದ್ದರೆ ಕಾರ್ಡಿನಲ್ಲಿ ಮಾರ್ಚ್ 26 ಎಂದು ಕೂತುಬಿಡುತ್ತದೆ.

ಇವತ್ತು ಆ ತಾರೀಖು ಫೋನಿನೊಳಗೆ, ಅಲ್ಲಿಂದ ಸರ್ಕಾರದ ಪೋರ್ಟಲ್ಲಿಗೆ ಹೋಗುತ್ತದೆ. ಮುಂದೆ ಎಐ ಬಂದು ಯಾವ ಬಸುರಿಗೆ ಅಪಾಯ ಎಂದು ಮೊದಲೇ ಹೇಳುತ್ತದೆ ಎನ್ನುತ್ತಾರೆ. ಹೇಳಲಿ, ಒಳ್ಳೆಯದೇ. ಆದರೆ ಹೆಣ್ಣಿನ ದಿನಗಳನ್ನು ಎಣಿಸಲು ಒಂದು ಸಾಧನ ಕೊಟ್ಟು ಅವಳ ಆರೋಗ್ಯ ಸುಧಾರಿಸುತ್ತೇವೆ ಎಂದು ಸರ್ಕಾರ ಹೊರಟದ್ದು ಇದೇ ಮೊದಲಲ್ಲ. ಎಪ್ಪತ್ತು ವರ್ಷದ ಹಿಂದೆ ಇದೇ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿತ್ತು. ಆಗಿನ ಸಾಧನ ಒಂದು ಮಣಿಸರ.

ಸ್ವಾತಂತ್ರ್ಯ ಬಂದ ಹೊಸತು. ದೇಶದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ. ಗರ್ಭನಿರೋಧಕ ಸಾಧನಗಳಿಗೆ ಅವರ ಒಪ್ಪಿಗೆ ಇರಲಿಲ್ಲ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆಂದು 65 ಲಕ್ಷ ರೂಪಾಯಿ ಇಟ್ಟಿದ್ದರು. ಅದರಲ್ಲಿ ಏನು ಮಾಡಬೇಕು? ಅವರು ಒಪ್ಪಿದ್ದು ಒಂದೇ ದಾರಿ: ತಿಂಗಳಲ್ಲಿ ಗರ್ಭ ನಿಲ್ಲುವ ದಿನಗಳನ್ನು ಗುರುತಿಸಿ, ಆ ದಿನ ಗಂಡ ಹೆಂಡತಿ ದೂರ ಇರುವುದು. ಅದನ್ನು ಹಳ್ಳಿಯ ಹೆಂಗಸರಿಗೆ ಕಲಿಸಬಹುದೇ ಎಂದು ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ನ್ಯೂಯಾರ್ಕಿನ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಎರಡು ಜಾಗ ಆಯ್ಕೆಯಾದವು. ಒಂದು ದೆಹಲಿಯ ಲೋದಿ ಕಾಲೊನಿ. ಇನ್ನೊಂದು ಮೈಸೂರು ರಾಜ್ಯದ ರಾಮನಗರ. ವರ್ಷ 1952.

ರಾಮನಗರದ ಹೆಂಗಸರಿಗೆ ಕ್ಯಾಲೆಂಡರ್ ಕೊಟ್ಟರೆ ಓದಲು ಬರಬೇಕಲ್ಲ? ಅದಕ್ಕೆ ಸ್ಟೋನ್ ಬಣ್ಣದ ಮಣಿಗಳ ಸರ ಮಾಡಿಸಿದರು. ಮೊದಲು ಕೆಲವು ತಿಂಗಳು ಒಬ್ಬೊಬ್ಬಳ ಮುಟ್ಟಿನ ದಿನ ಬರೆದುಕೊಂಡು, ಅವಳವಳ ತಿಂಗಳಿಗೆ ತಕ್ಕಂತೆ ಮಣಿ ಪೋಣಿಸುವುದು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ದೂರ ಇರಬೇಕು. ಇಂದು ಫೋನಿನಲ್ಲಿರುವ ಮುಟ್ಟಿನ ಆಪ್ ಮಾಡುವುದೂ ಇದನ್ನೇ, ಬಣ್ಣಗಳೂ ಹೆಚ್ಚುಕಡಿಮೆ ಅವೇ.

ಆಮೇಲೆ ತೊಡಕುಗಳು ಒಂದೊಂದಾಗಿ ಬಂದವು. ರಾತ್ರಿ ದೀಪವಿಲ್ಲದ ಮನೆಯಲ್ಲಿ ಕೆಂಪು ಯಾವುದು, ಹಸಿರು ಯಾವುದು? ಅದಕ್ಕೆ ಕೈಯಿಂದ ಮುಟ್ಟಿದರೆ ತಿಳಿಯಲೆಂದು ದುಂಡು ಮಣಿ, ಚೌಕ ಮಣಿ ಬಂದವು. ಕತ್ತಲಲ್ಲಿ ಮಣಿಯನ್ನು ಹಿಂದಕ್ಕೆ ಸರಿಸಿದರೆ? ಒಂದೇ ಕಡೆ ಸರಿಯುವಂತೆ ತಡೆ ಹಾಕಿದರು. ಸರ ಹಾಕಿಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನಾಚಿ ತೆಗೆದಿಟ್ಟವರಿದ್ದರು. ಮಣಿ ಸರಿಸಿದರೆ ಸಾಕು, ತಾಯತ ಕಟ್ಟಿದ ಹಾಗೆ ಅದೇ ಕಾಪಾಡುತ್ತದೆ ಎಂದು ನಂಬಿದವರೂ ಇದ್ದರು. ಕೊನೆಗೆ ಯೋಜನೆ ಫಲ ಕೊಡಲಿಲ್ಲ, ಎರಡು ಮೂರು ವರ್ಷದಲ್ಲಿ ಮುಗಿಯಿತು.

ಮಣಿಸರ ಸೋತದ್ದು ಹೆಂಗಸರಿಗೆ ತಿಳಿಯದ್ದರಿಂದ ಎಂಬ ಧಾಟಿಯಲ್ಲಿ ಈ ಕಥೆಯನ್ನು ನಗೆಚಾಟಿಕೆಯಾಗಿ ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆ ಹಿಡಿದು ಬಿತ್ತನೆಯಿಂದ ಎಮ್ಮೆ ಈಯುವ ದಿನದವರೆಗೆ ಲೆಕ್ಕ ಇಡುವ ಹೆಂಗಸರಿಗೆ ಮಣಿ ಎಣಿಸುವುದು ಕಷ್ಟವೇ? ಕೆಂಪು ಮಣಿ ಬಂದ ರಾತ್ರಿ "ಇವತ್ತು ಬೇಡ" ಎನ್ನುವ ಅಧಿಕಾರ ಅವಳಿಗಿತ್ತೇ ಎಂಬುದು ಮುಖ್ಯ ಪ್ರಶ್ನೆ. ಎಣಿಕೆ ಅವಳ ಕೊರಳಲ್ಲಿತ್ತು, ತೀರ್ಮಾನ ಗಂಡನ ಕೈಯಲ್ಲಿತ್ತು. ಸರ ಕೊಟ್ಟವರು ಗಂಡಂದಿರಿಗೆ ಏನನ್ನೂ ತೊಡಿಸಲಿಲ್ಲ.

ಮುಂದಿನ ಇಪ್ಪತ್ತೈದು ವರ್ಷದಲ್ಲಿ ಎಣಿಕೆ ಅವಳ ಕೊರಳಿನಿಂದಲೂ ಜಾರಿ ಕಚೇರಿಗೆ ಹೋಯಿತು. 1956ರ ನವೆಂಬರ್ 1ಕ್ಕೆ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1965ರ ಹೊತ್ತಿಗೆ ವಂಕಿ ಬಂತು, ಆಪರೇಷನ್ ಕ್ಯಾಂಪುಗಳು ಬಂದವು, ಸಿಬ್ಬಂದಿಗೆ ಟಾರ್ಗೆಟ್ ಬಂತು. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 83 ಲಕ್ಷ ಆಪರೇಷನ್ ಆದವು, ಹೆಚ್ಚಿನವು ಗಂಡಸರಿಗೆ. ಜನ ಸಿಟ್ಟಿಗೆದ್ದು ಸರ್ಕಾರವೇ ಬಿತ್ತು. ಅಲ್ಲಿಂದ ಮುಂದೆ ಗಂಡಸರ ತಂಟೆಗೆ ಯಾವ ಸರ್ಕಾರವೂ ಹೋಗಲಿಲ್ಲ, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ದೇಶದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಮಂದಿಗೆ ಆಪರೇಷನ್ ಆಗಿದೆ. ಗಂಡನಿಗೆ ಆಪರೇಷನ್ ಆದ ದಂಪತಿ ನೂರಕ್ಕೆ ಒಂದೂ ಇಲ್ಲ. ಟಾರ್ಗೆಟ್ ಪದ್ಧತಿಯನ್ನು ಕಾಗದದ ಮೇಲೆ ಕೈಬಿಟ್ಟದ್ದು 1996ರಲ್ಲಿ.

ನಿಜವಾದ ಬದಲಾವಣೆ ಬಂದದ್ದು 2005ರ ನಂತರ. ಆಶಾ ಬಂದಳು, ಹೆರಿಗೆಗೆ ಜನನಿ ಸುರಕ್ಷಾ ಹಣ ಬಂತು, 2008ರ ನವೆಂಬರ್‌ನಲ್ಲಿ 108 ಗಾಡಿ ಬಂತು, ಕೈಗೆ ತಾಯಿ ಕಾರ್ಡ್ ಬಂತು. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು, 2018-20ಕ್ಕೆ ಅದು 69ಕ್ಕೆ ಇಳಿಯಿತು. ಈ ಇಳಿಕೆಯ ಬಹುಪಾಲು ಗಾಡಿ, ನರ್ಸ್, ಆಶಾ ಮತ್ತು ರಕ್ತದ ಬಾಟಲಿಯಿಂದ ಆದದ್ದು. ಕಂಪ್ಯೂಟರಿನ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಮ್ಮ ಜಿಲ್ಲೆಯೂ ಸೇರಿ ಎಂಟು ಉತ್ತರದ ಜಿಲ್ಲೆಗಳಲ್ಲಿ 2010ರಿಂದ 2015ರವರೆಗೆ ನಡೆದ 'ಸುಕ್ಷೇಮ' ಯೋಜನೆಯಲ್ಲಿ ಆಶಾಗಳಿಗೆ ಕೊಟ್ಟದ್ದು ಕಾಗದದ ಪುಸ್ತಕವೇ. ಮನೆಮನೆ ಎಣಿಸಿ, ಯಾವ ಬಸುರಿಯೂ ಬಿಟ್ಟುಹೋಗದಂತೆ ಹಿಂಬಾಲಿಸುವ ಪುಸ್ತಕ. ಅತ್ತ ದೆಹಲಿಯಲ್ಲಿ 2009ರ ಡಿಸೆಂಬರಿಗೇ ತಾಯಿ ಮಗುವಿನ ಹೆಸರು ಹಿಡಿದು ಲೆಕ್ಕ ಇಡುವ ಕಂಪ್ಯೂಟರ್ ವ್ಯವಸ್ಥೆ ಶುರುವಾಗಿತ್ತು. ಅದೇ ಬೆಳೆದು ಈಗ ಎಲ್ಲರ ಬಾಯಲ್ಲಿರುವ ಆರ್‌ಸಿಎಚ್ ಪೋರ್ಟಲ್ ಆಗಿದೆ.

ಫೋನು ಕೈಗೆ ಕೊಟ್ಟು ಸರಿಯಾಗಿ ಪರೀಕ್ಷೆ ಮಾಡಿದ್ದು ನಮ್ಮ ಪಕ್ಕದಲ್ಲೇ. ಕೃಷ್ಣೆ ದಾಟಿದರೆ ಬಾಗಲಕೋಟೆ. ಆ ಜಿಲ್ಲೆ ಮತ್ತು ಬೆಳಗಾವಿಯಲ್ಲಿ 2014ರಿಂದ 2016ರವರೆಗೆ ಬೆಳಗಾವಿಯ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವರು 'ಕ್ಲಿಪ್' ಎಂಬ ದೊಡ್ಡ ಅಧ್ಯಯನ ಮಾಡಿದರು. ಬಸುರಿಯಲ್ಲಿ ಬಿಪಿ ಏರಿ ಫಿಟ್ಸ್ ಬಂದು ತಾಯಿ ಮಗು ಸಾಯುವುದನ್ನು ತಡೆಯಬೇಕಿತ್ತು. ಆಶಾ ಮನೆಗೆ ಹೋಗಿ ಬಿಪಿ ಅಳೆಯುತ್ತಾಳೆ, ಬೆರಳಿಗೆ ಆಕ್ಸಿಮೀಟರ್ ಹಾಕುತ್ತಾಳೆ, ತಲೆನೋವಿದೆಯೇ, ಕಣ್ಣು ಮಂಜಾಗುತ್ತದೆಯೇ, ರಕ್ತ ಹೋಗುತ್ತಿದೆಯೇ ಎಂದು ಕೇಳಿ ಫೋನಿಗೆ ತುಂಬುತ್ತಾಳೆ. ಫೋನು ಎಲ್ಲ ಕೂಡಿಸಿ ಅಪಾಯ ಎಷ್ಟೆಂದು ಲೆಕ್ಕ ಹಾಕಿ ಹೇಳುತ್ತದೆ: ಗುಳಿಗೆ ಕೊಡು, 24 ಗಂಟೆಯೊಳಗೆ ಆಸ್ಪತ್ರೆಗೆ ಕಳಿಸು, ಇಲ್ಲವೇ 4 ಗಂಟೆಯೊಳಗೆ ಕಳಿಸು. ಇಂದು ಎಐ ಎನ್ನುವುದಕ್ಕೆ ಇದು ಅಕ್ಕನಿದ್ದ ಹಾಗೆ.

14,783 ಬಸುರಿಯರನ್ನು ಕೊನೆಯವರೆಗೆ ನೋಡಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಫೋನು ಇದ್ದ ಊರು, ಇಲ್ಲದ ಊರು ಹೋಲಿಸಿದರೆ ತಾಯಿ ಮಗುವಿನ ಸಾವು ನೋವಿನಲ್ಲಿ ಖಚಿತ ಎನ್ನುವಂಥ ವ್ಯತ್ಯಾಸ ಕಾಣಲಿಲ್ಲ. ಭಾರತ, ಪಾಕಿಸ್ತಾನ, ಮೊಜಾಂಬಿಕ್ ಮೂರೂ ದೇಶದ ಲೆಕ್ಕ ಕೂಡಿಸಿದಾಗ ಒಂದು ಸಂಗತಿ ಮಾತ್ರ ಹೊರಬಂತು. ಎಂಟು ಅಥವಾ ಹೆಚ್ಚು ಸಲ ಈ ಭೇಟಿ ಸಿಕ್ಕ ಹೆಂಗಸರಲ್ಲಿ, ಒಮ್ಮೆಯೂ ಸಿಗದವರಿಗಿಂತ, ಹೊಟ್ಟೆಯಲ್ಲೇ ಮಗು ತೀರಿಕೊಂಡದ್ದು ಕಡಿಮೆ. ಎಂಟು ಸಲ ಸಿಕ್ಕವರು ಬೇರೆ ರೀತಿಯಲ್ಲೂ ಅನುಕೂಲಸ್ಥರಿರಬಹುದು, ಅದನ್ನೂ ಮರೆಯಬಾರದು. ಸೋತ ಪ್ರಯೋಗ ಎಂದು ಬದಿಗಿಡುವವರು ಇಡಲಿ. ನನಗೆ ಬೆಲೆ ಇರುವುದು ಅದರ ಪ್ರಾಮಾಣಿಕತೆಗೆ. ಆಪ್ ಬಿಡುಗಡೆ ಮಾಡಿ ಫೋಟೋ ತೆಗೆಸಿಕೊಳ್ಳುವವರು ಬಹಳ, ಎರಡು ವರ್ಷ ಕಾದು ಉಪಯೋಗ ಆಯಿತೋ ಇಲ್ಲವೋ ಎಂದು ಅಳೆಯುವವರು ಕಡಿಮೆ. ನಾಲ್ಕು ಗಂಟೆಯೊಳಗೆ ಕಳಿಸು ಎಂದು ಫೋನು ಹೇಳಬಲ್ಲದು. ತೋಟದ ಮನೆಯಿಂದ ರಸ್ತೆಗೆ ತರುವ ಗಾಡಿ, ಅತ್ತೆಯ ಒಪ್ಪಿಗೆ, ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರು, ಇವನ್ನು ಫೋನು ತರಲಾರದು.

ಎಐ ಎನ್ನುವುದು ಇದೇ ದಾರಿಯ ಮುಂದಿನ ಊರು. ಮುಂಬೈಯ ಅರ್ಮಾನ್ ಸಂಸ್ಥೆ 2014ರಿಂದ ಬಸುರಿಯರ ಫೋನಿಗೆ ವಾರವಾರ ಧ್ವನಿ ಸಂದೇಶ ಕಳಿಸುತ್ತಿದೆ. ಬಹಳ ಮಂದಿ ಸ್ವಲ್ಪ ದಿನ ಕೇಳಿ ಬಿಟ್ಟುಬಿಡುತ್ತಿದ್ದರು. ಯಾರು ಬಿಡುವ ಸಾಧ್ಯತೆ ಇದೆ ಎಂದು ಗೂಗಲ್‌ನವರ ಜೊತೆ ಸೇರಿ ಎಐಗೆ ಕೇಳಿದರು. ಅದು ಆರಿಸಿಕೊಟ್ಟವರಿಗೆ ಸಿಬ್ಬಂದಿ ಕರೆ ಮಾಡಿ ಮಾತಾಡಿದಾಗ, ಬಿಟ್ಟುಹೋಗುವುದು ಸುಮಾರು ಶೇ 30ರಷ್ಟು ತಗ್ಗಿತು. ಇದು 23,000 ಹೆಂಗಸರ ಮೇಲಿನ ಪರೀಕ್ಷೆ. ಯಂತ್ರ ಮಾಡಿದ್ದು ಹೆಸರು ಆರಿಸುವ ಕೆಲಸ, ಮಾತಾಡಿದ್ದು ಮನುಷ್ಯರು. 2024ರಲ್ಲಿ ಮದ್ರಾಸ್ ಐಐಟಿ ಮತ್ತು ಫರೀದಾಬಾದಿನ ಟಿಎಚ್‌ಎಸ್‌ಟಿಐ ಸಂಸ್ಥೆಯವರು, ಸ್ಕ್ಯಾನಿಂಗ್ ಅಳತೆ ನೋಡಿ ಬಸುರಿಗೆ ಎಷ್ಟು ವಾರ ಎಂದು ಹೇಳುವ 'ಗರ್ಭಿಣಿ' ಎಂಬ ಲೆಕ್ಕವನ್ನು ಭಾರತದ ಹೆಂಗಸರ ಮಾಹಿತಿಯಿಂದಲೇ ಮಾಡಿದರು. ಅಲ್ಲಿಯವರೆಗೆ ನಮ್ಮ ಡಾಕ್ಟರುಗಳು ಬಳಸುತ್ತಿದ್ದ ಸೂತ್ರ ಪಶ್ಚಿಮ ದೇಶದವರ ಅಳತೆಯದು. ಕಾರ ಹುಣ್ಣಿಮೆಯ ಲೆಕ್ಕ ತಪ್ಪಿದವರಿಗೆ ಇಂಥದ್ದು ನಿಜಕ್ಕೂ ಉಪಯೋಗ.

ಇನ್ನು ಫೋನು ಯಾರದು? ಅದೇ 2019-21ರ ಸಮೀಕ್ಷೆಯಂತೆ, ದೇಶದಲ್ಲಿ ನೂರರಲ್ಲಿ 54 ಹೆಂಗಸರ ಬಳಿ ಮಾತ್ರ ತಾವೇ ಬಳಸುವ ಮೊಬೈಲ್ ಇದೆ. ಉಳಿದವರ ಸಂದೇಶ ಗಂಡನಿಗೋ ಮಗನಿಗೋ ಕೇಳಿಸುತ್ತದೆ. ರಾಮನಗರದ ಸರ ಊರಿಗೆಲ್ಲ ಕಾಣುತ್ತದೆಂದು ನಾಚಿದರು. ಆಪ್ ಯಾರಿಗೆ ಕಾಣುತ್ತದೆ ಎಂಬುದೇ ತಿಳಿಯದು. ಹತ್ತು ಕೋಟಿಗೂ ಹೆಚ್ಚು ಜನ ಬಳಸುತ್ತಿದ್ದ 'ಫ್ಲೋ' ಎಂಬ ಮುಟ್ಟಿನ ಆಪ್, ಹೆಂಗಸರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದವರಿಗೆ ದಾಟಿಸಿದ ಆರೋಪಕ್ಕೆ 2021ರಲ್ಲಿ ಅಮೆರಿಕದ ಸರ್ಕಾರಿ ಆಯೋಗದ ಜೊತೆ ರಾಜಿ ಮಾಡಿಕೊಂಡಿತು.

ನಮ್ಮಲ್ಲಿ ಪೋರ್ಟಲ್ಲಿನ ಬಿಸಿ ಮೊದಲು ತಟ್ಟಿದ್ದು ಆಶಾಗಳಿಗೆ. ದಾಖಲಾದ ಕೆಲಸಕ್ಕಷ್ಟೇ ಪ್ರೋತ್ಸಾಹಧನ. ಮಾಡಿದ ಕೆಲಸ ಪೋರ್ಟಲ್ಲಿನಲ್ಲಿ ಕಾಣದಿದ್ದರೆ ದುಡ್ಡೂ ಇಲ್ಲ. ಸಂಬಳವನ್ನು ಪೋರ್ಟಲ್ಲಿಗೆ ಗಂಟು ಹಾಕಬೇಡಿ ಎಂಬುದು 2025ರ ಜನವರಿ 7ರಿಂದ 10ರವರೆಗೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ ಆಶಾಗಳ ಬೇಡಿಕೆಗಳಲ್ಲೊಂದು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಪಡೆದು ಎದ್ದರು.

ಕಾರ್ಡು ಕೂಡ ಹಾಗೆಯೇ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಅವಳಿ ಮಕ್ಕಳ ತುಂಬು ಬಸುರಿಯೊಬ್ಬಳನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಆಸ್ಪತ್ರೆಯಿಂದ ವಾಪಸ್ ಕಳಿಸಿದ್ದಾಗಿ ದೂರು ಬಂತು. ಮನೆಯಲ್ಲೇ ಹೆತ್ತು ತಾಯಿಯೂ ಎರಡೂ ಕೂಸುಗಳೂ ತೀರಿಕೊಂಡರು. ಸಿಬ್ಬಂದಿ ಸಸ್ಪೆಂಡ್ ಆದರು. ದಾಖಲೆ ಇಲ್ಲದಿದ್ದರೂ ತುರ್ತು ಚಿಕಿತ್ಸೆ ಕೊಡಲೇಬೇಕೆಂದು ಸರ್ಕಾರ ಆಮೇಲೆ ಹೇಳಿತು.

ಗಡಿಯ ನಮಗೆ ಇದು ದೂರದ ಸುದ್ದಿಯಲ್ಲ. ನಮ್ಮ ಸೊಸೆಯಂದಿರಲ್ಲಿ ಎಷ್ಟೋ ಮಂದಿಯ ತವರು ಜತ್ತ ತಾಲೂಕಿನಲ್ಲಿದೆ, ಎಂದರೆ ಮಹಾರಾಷ್ಟ್ರದಲ್ಲಿ. ಚೊಚ್ಚಲ ಬಸುರಿ ಕುಬಸ ಮುಗಿಸಿ ತವರಿಗೆ ಹೋದಳೆಂದರೆ ರಾಜ್ಯವೇ ಬದಲಾಗುತ್ತದೆ. ಇಲ್ಲಿ ಅವಳ ರಕ್ತ, ಬಿಪಿ ನೋಡುತ್ತ ಬಂದ ಆಶಾ ಅಲ್ಲಿಲ್ಲ. ಅವಳ ಜೊತೆ ಹೋಗುವುದು ಆ ಕಾರ್ಡು ಒಂದೇ. ಕಳಿಸುವ ಮುಂಚೆ ಕಾರ್ಡಿನ ಎಲ್ಲ ಪುಟದ ಫೋಟೋ ತೆಗೆದು ಅವಳ ತಾಯಿಯ ಫೋನಿಗೂ ಹಾಕಿ, ಆರ್‌ಸಿಎಚ್ ನಂಬರ್ ಬೇರೆ ಚೀಟಿಯಲ್ಲಿ ಬರೆದುಕೊಡಿ. ಅಲ್ಲಿನ ಆಶಾಗೆ ಇಲ್ಲಿನ ಆಶಾ ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು.