ಒಂದು ಆಲ್ಬಮ್ಮಿಗೆ ಎರಡು ತೀರ್ಪು

ಅಮೆರಿಕದ ಲೂಯಿಸಿಯಾನಾ ಪ್ರಾಂತದಲ್ಲಿ ರಸ್ಟನ್ ಎಂಬ ಸಣ್ಣ ಊರೊಂದಿದೆ. ಆ ಊರಿನ ಶಾಲೆಯ ದಿನಗಳಿಂದ ಗೆಳೆಯರಾಗಿದ್ದ ಜೆಫ್ ಮ್ಯಾಂಗಮ್, ರಾಬರ್ಟ್ ಶ್ನೈಡರ್, ಬಿಲ್ ಡಾಸ್, ವಿಲ್ ಕಲನ್ ಹಾರ್ಟ್ ಎಂಬ ನಾಲ್ವರು, ದೊಡ್ಡ ಸ್ಟುಡಿಯೋಗಳ ಹಂಗಿಗೆ ಹೋಗದೆ, ಮನೆಯ ಕೋಣೆಗಳಲ್ಲಿಯೇ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರಗಳ ಮೇಲೆ ತಮ್ಮ ಹಾಡುಗಳನ್ನು ಮುದ್ರಿಸಿ, ಅವನ್ನು ಒಬ್ಬರಿಗೊಬ್ಬರು ಕೊಟ್ಟು ಕೇಳಿಸಿ, ಪರಸ್ಪರರ ಮೆಚ್ಚುಗೆಯಲ್ಲದೆ ಬೇರಾವ ಪ್ರತಿಫಲವನ್ನೂ ಬಯಸದೆ ಸಂಗೀತವನ್ನು ಅಭ್ಯಾಸಮಾಡಿದರು. ಮುಂದೆ ಅವರು ಡೆನ್ವರ್, ಅಥೆನ್ಸ್ ಮೊದಲಾದ ಅಮೆರಿಕದ ನಗರಗಳಿಗೆ ಚದುರಿಹೋದರೂ ಆ ಸ್ನೇಹವು ‘ಎಲಿಫೆಂಟ್ 6’ ಎಂಬ ಬಳಗವಾಗಿ ಉಳಿಯಿತು. ಮ್ಯಾಂಗಮ್ ಅವರ ‘ನ್ಯೂಟ್ರಲ್ ಮಿಲ್ಕ್ ಹೊಟೆಲ್’ ಆ ಬಳಗದ ತಂಡಗಳಲ್ಲೊಂದು. ಅದರ ಎರಡನೆಯ ಆಲ್ಬಮ್ಮಾದ ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’ ವಿಮರ್ಶಕರ ಕೈಯಲ್ಲಿ ಪಡೆದ ಪರಿಗಣನೆಯ ಕಥೆ ಸಂಗೀತಪ್ರಿಯರಿಗೆಲ್ಲ ವಿಚಾರಾರ್ಹವಾದದ್ದು.

1996ರಲ್ಲಿ ಹೊರಬಂದ ಮೊದಲ ಆಲ್ಬಂ ‘ಆನ್ ಏವರಿ ಐಲೆಂಡ್’ ಬಹುಮಟ್ಟಿಗೆ ಮ್ಯಾಂಗಮ್ ಮತ್ತು ಶ್ನೈಡರ್ ಇಬ್ಬರ ಕೈಕೆಲಸ. ಆ ಬಳಿಕ ಡ್ರಮ್ ನುಡಿಸುವ ಜೆರೆಮಿ ಬಾರ್ನ್ಸ್, ತುತ್ತೂರಿಯ ಜಾತಿಯ ವಾದ್ಯಗಳನ್ನು ಊದುವ ಸ್ಕಾಟ್ ಸ್ಪಿಲೇನ್, ಬ್ಯಾಂಜೊ ಅಕಾರ್ಡಿಯನ್‌ಗಳ ಜೊತೆಗೆ ಬಡಗಿಯ ಗರಗಸವನ್ನೂ ಕಮಾನಿನಿಂದ ಉಜ್ಜಿ ಹಾಡಿಸಬಲ್ಲ ಜೂಲಿಯನ್ ಕಾಸ್ಟರ್ ಸೇರಿಕೊಂಡು ತಂಡ ತುಂಬಿಕೊಂಡಿತು. ಇದೇ ಸುಮಾರಿನಲ್ಲಿ ಮ್ಯಾಂಗಮ್ ಅವರು ಆ್ಯನ್ ಫ್ರಾಂಕಳ ದಿನಚರಿಯನ್ನು ಓದಿದರು. ನಾಜಿಗಳಿಗೆ ಹೆದರಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಡಗಿದ್ದು, ಸಿಕ್ಕಿಬಿದ್ದು, 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಹದಿನೈದರ ಹರೆಯದಲ್ಲಿಯೇ ಅಳಿದ ಆ ಬಾಲಿಕೆಯ ವಿಷಯವಾಗಿ ಅವರಿಗುಂಟಾದ ಶೋಕ, ಅರ್ಧ ಶತಮಾನದಷ್ಟು ಹಿಂದಕ್ಕೆ ಹೋಗಿ ಅವಳನ್ನು ಹೇಗಾದರೂ ಉಳಿಸಿಬಿಡಬೇಕೆಂಬ ಅಸಾಧ್ಯವಾದ ಹಂಬಲವಾಗಿ ಬೆಳೆದು, ಹೊಸ ಹಾಡುಗಳಲ್ಲೆಲ್ಲ ಹರಡಿಕೊಂಡಿತು. ಸತ್ತವರಿಗಾಗಿ ಅಳುವ ಕಾವ್ಯ ಎಲ್ಲ ದೇಶಗಳಲ್ಲಿಯೂ ಉಂಟು. ತಾನು ಹುಟ್ಟುವ ಮೊದಲೇ ಸತ್ತುಹೋಗಿದ್ದ, ಮುಖಪರಿಚಯವೂ ಇಲ್ಲದ ಒಬ್ಬ ಹುಡುಗಿಗಾಗಿ ತನ್ನ ಬಂಧುವೆಂಬಂತೆ ಕೊರಳೆತ್ತಿ ಅಳುವುದು ರಾಕ್ ಸಂಗೀತದಲ್ಲಿ ವಿರಳ.

1997ರ ಬೇಸಗೆಯಲ್ಲಿ ಡೆನ್ವರಿನಲ್ಲಿದ್ದ ಶ್ನೈಡರ್ ಅವರ ‘ಪೆಟ್ ಸೌಂಡ್ಸ್’ ಸ್ಟುಡಿಯೋದಲ್ಲಿ ಮುದ್ರಣ ನಡೆಯಿತು. ಬೀಚ್ ಬಾಯ್ಸ್ ತಂಡದ 1966ರ ಆಲ್ಬಮ್ಮಿನ ಹೆಸರನ್ನು ತಮ್ಮ ಸ್ಟುಡಿಯೋಕ್ಕಿಟ್ಟ ಈ ಶ್ನೈಡರ್, ಮುಂದೆ ಗಣಿತದಲ್ಲಿ ಡಾಕ್ಟರೇಟ್ ಪಡೆದು, ನಮ್ಮ ಶ್ರೀನಿವಾಸ ರಾಮಾನುಜನ್ ಅವರಿಗೆ ಅತಿಪ್ರಿಯವಾಗಿದ್ದ ಸಂಖ್ಯಾವಿಭಜನೆಯ ಶಾಸ್ತ್ರದಲ್ಲಿಯೇ ಸಂಶೋಧನೆ ನಡೆಸಿದರೆಂಬುದನ್ನು ಪ್ರಸಂಗವಶಾತ್ ಹೇಳಿಬಿಡುತ್ತೇನೆ. ಮರದ ಗಿಟಾರಿನ ಹತ್ತಿರಕ್ಕೆ ಮೈಕನ್ನು ಹಿಡಿದು, ಯಂತ್ರ ತಾಳಬಲ್ಲ ಮಟ್ಟವನ್ನು ಮೀರುವಷ್ಟು ಧ್ವನಿಯನ್ನು ಏರಿಸಿ, ತಂತಿಯ ನಾದವನ್ನು ಬೇಕೆಂದೇ ಒಡೆದು ಗರಗರಿಸುವಂತೆ ಮಾಡಿದುದು ಅವರ ಕೌಶಲ. ‘ಓ ಕಮ್ಲಿ’ ಎಂಬ ಹಾಡಿನ ಮುದ್ರಣವಂತೂ ಸ್ಮರಣೀಯವಾದದ್ದು. ಧ್ವನಿಯ ಮಟ್ಟವನ್ನು ಪರೀಕ್ಷಿಸುವ ಸಲುವಾಗಿ ನಾಲ್ಕು ಸಾಲು ಹಾಡಬೇಕಾಗಿದ್ದ ಮ್ಯಾಂಗಮ್, ಎಲ್ಲಿಯೂ ನಿಲ್ಲದೆ, ಎಂಟು ನಿಮಿಷಕ್ಕೂ ಮೀರಿದ ಆ ದೀರ್ಘಗೀತವನ್ನು ಒಂದೇ ಪಟ್ಟಿನಲ್ಲಿ ಹಾಡಿ ಮುಗಿಸಿಬಿಟ್ಟರು. ಕೇಳುತ್ತ ನಿಂತಿದ್ದ ಸ್ಪಿಲೇನ್ ಅವರ ಬಾಯಿಂದ ತಡೆಯಲಾಗದೆ ಹೊರಟ ಬೆರಗಿನ ಉದ್ಗಾರವನ್ನು, ಅಳಿಸಬಹುದಾಗಿದ್ದರೂ ಅಳಿಸದೆ, ಹಾಗೆಯೇ ಉಳಿಸಿಕೊಂಡರು. ಇಂದಿಗೂ ಹಾಡಿನ ಕೊನೆಯಲ್ಲಿ ಕಿವಿಗೊಟ್ಟವರಿಗೆ ಅದು ದೂರದಿಂದ ಕೇಳಿಸುತ್ತದೆ. ಈ ಆಲ್ಬಮ್ಮಿನ ಮೊದಲ ವಿಮರ್ಶೆ ಆ ಉದ್ಗಾರವೇ ಎಂದು ನಾನು ತಿಳಿಯುತ್ತೇನೆ.

1998ರ ಫೆಬ್ರವರಿಯಲ್ಲಿ ಮರ್ಜ್ ಎಂಬ ಕಂಪನಿ ಇದನ್ನು ಪ್ರಕಟಿಸಿತು. ‘ಸೂಪರ್‌ಚಂಕ್’ ತಂಡದ ಮ್ಯಾಕ್ ಮೆಕಾನ್ ಮತ್ತು ಲಾರಾ ಬ್ಯಾಲೆನ್ಸ್ ಇಬ್ಬರೂ 1989ರಲ್ಲಿ ಉತ್ತರ ಕೆರೊಲಿನಾದಲ್ಲಿ ಸ್ಥಾಪಿಸಿದ ಈ ಸಂಸ್ಥೆ, ದೊಡ್ಡ ಬಂಡವಾಳಗಾರರ ನೆರವಿಲ್ಲದೆ, ಸಂಗೀತಗಾರರೇ ಸಂಗೀತಗಾರರಿಗಾಗಿ ನಡೆಸಿದ ಸ್ವತಂತ್ರ ಉದ್ಯಮಗಳ ಪೈಕಿ ಒಂದು. ಮೊದಲಿಗೆ ಅಚ್ಚಾದದ್ದು ಸುಮಾರು 5,500 ಸಿಡಿಗಳು ಮತ್ತು 1,600ರಷ್ಟು ರೆಕಾರ್ಡುಗಳು ಮಾತ್ರ. ವಿಮರ್ಶಕರು ಆದರದಿಂದಲೇ ಬರಮಾಡಿಕೊಂಡರು, ಆದರೆ ಆವೇಶದಿಂದಲ್ಲ. ‘ರೋಲಿಂಗ್ ಸ್ಟೋನ್’ ಪತ್ರಿಕೆ ಐದರಲ್ಲಿ ಮೂರು ನಕ್ಷತ್ರಗಳನ್ನಿತ್ತಿತು. ‘ಪಿಚ್‌ಫೋರ್ಕ್’ ಹತ್ತಕ್ಕೆ 8.7 ಅಂಕ ಕೊಟ್ಟಿತು. ‘ವಿಲೇಜ್ ವಾಯ್ಸ್’ ಪತ್ರಿಕೆ ವರ್ಷಾಂತ್ಯದಲ್ಲಿ ನಡೆಸಿದ ವಿಮರ್ಶಕರ ಮತಗಣನೆಯಲ್ಲಿ 15ನೆಯ ಸ್ಥಾನ ದೊರೆಯಿತು.

ಅನಂತರ ನಡೆದದ್ದನ್ನು ಯಾವ ವಿಮರ್ಶಕನೂ ಊಹಿಸಿರಲಾರ. ಪ್ರವಾಸಗಳು ಮುಗಿದೊಡನೆ ಮ್ಯಾಂಗಮ್ ಅವರು ಸಂದರ್ಶನಗಳನ್ನು ನಿರಾಕರಿಸಿ, ವೇದಿಕೆಯನ್ನು ತೊರೆದು, ಹೊಸ ಹಾಡುಗಳನ್ನು ಕೊಡದೆ ಸುಮ್ಮನಾದರು. 2001ರಲ್ಲಿ ಅವರ ಹೆಸರಿನಲ್ಲಿ ಬಂದ ಮುದ್ರಿಕೆಯಲ್ಲಿದ್ದುದು ಬಲ್ಗೇರಿಯಾದ ಜನಪದ ಉತ್ಸವವೊಂದರ ಧ್ವನಿಗಳು, ಅವರ ಕಂಠವಲ್ಲ. ಇತ್ತ ಆಲ್ಬಂ ಮಾತ್ರ ಕೇಳಿದವರಿಂದ ಕೇಳದವರಿಗೆ, ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ದಾಟುತ್ತ ನಡೆಯಿತು. 2003ರಲ್ಲಿ ‘ಮ್ಯಾಗ್ನೆಟ್’ ಪತ್ರಿಕೆ ಹಿಂದಿನ ಹತ್ತು ವರ್ಷಗಳ ಶ್ರೇಷ್ಠ ಆಲ್ಬಂ ಇದೇ ಎಂದಿತು. 2005ರಲ್ಲಿ ಯೂರೋಪಿನಲ್ಲಿ ಮರುಮುದ್ರಣವಾದಾಗ ಪಿಚ್‌ಫೋರ್ಕ್ ಹೊಸ ವಿಮರ್ಶೆ ಬರೆಯಿಸಿ ಹತ್ತಕ್ಕೆ ಹತ್ತು ಕೊಟ್ಟಿತು. 2008ರಲ್ಲಿ ಅಮೆರಿಕದಲ್ಲಿ ಅತ್ಯಧಿಕವಾಗಿ ಮಾರಾಟವಾದ ವಿನೈಲ್ ರೆಕಾರ್ಡುಗಳಲ್ಲಿ, ಹತ್ತು ವರ್ಷ ಹಳೆಯದಾದ ಇದು ಆರನೆಯದಾಗಿತ್ತು.

ಹಾಗಾದರೆ ಮೊದಲಿನವರು ಕುರುಡರಾಗಿದ್ದರೆ? ನನಗೆ ಹಾಗೆ ತೋರುವುದಿಲ್ಲ. ಮ್ಯಾಂಗಮ್ ಅವರ ಕಂಠ ಎತ್ತರದ ಸ್ವರಗಳಲ್ಲಿ ಬಿರುಕುಬಿಡುತ್ತದೆ. ಪದಗಳ ಅನ್ವಯ ಹಲವೆಡೆ ಕೈಗೆ ಸಿಕ್ಕುವುದಿಲ್ಲ. ಒಮ್ಮೆ ಕೇಳಿ ತಿಂಗಳೊಳಗೆ ಬರೆದುಕೊಡಬೇಕಾದ ವಿಮರ್ಶಕನು ಇವುಗಳನ್ನು ಕಂಡು ಹೇಳಿದುದು ಅಪ್ರಾಮಾಣಿಕವಲ್ಲ. ಆ ಬಿರುಕು ದೋಷವಲ್ಲ, ಆ ಶೋಕಕ್ಕೆ ಒಪ್ಪುವ ಏಕೈಕ ಶ್ರುತಿ ಅದೇ ಎಂಬ ಅರಿವು ಬರಲು ಪುನಃಪುನಃ ಕೇಳುವ ವಿರಾಮ ಬೇಕು. ಅದು ಸಹೃದಯರಿಗಿತ್ತು, ಪತ್ರಿಕೆಗಳಿಗಿರಲಿಲ್ಲ. ಆದರೆ ಎರಡನೆಯ ತೀರ್ಪಿನಲ್ಲಿ ಸಂಗೀತವೊಂದೇ ಸಾಕ್ಷಿಯಾಗಿತ್ತೆಂದೂ ನಾನು ನಂಬಲಾರೆ. ಕವಿ ಮೌನವಾದನೆಂಬ ಕಥೆ ಹಾಡುಗಳ ಮೇಲೊಂದು ಪ್ರಭೆಯನ್ನು ಹೊದಿಸಿತ್ತು; ಜೀವಂತವಾಗಿ ಊರಲ್ಲಿದ್ದ ಮನುಷ್ಯನನ್ನು ಜನ ಋಷಿಯನ್ನಾಗಿ ಮಾಡಿಬಿಟ್ಟಿದ್ದರು. 8.7ನ್ನು ಹತ್ತಾಗಿಸಿದ ಆ 1.3 ಅಂಕದಲ್ಲಿ ಗಾನಕ್ಕೆ ಸಂದದ್ದೆಷ್ಟು, ಮೌನಕ್ಕೆ ಸಂದದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

2013ರಲ್ಲಿ ತಂಡ ಪುನಃ ಕೂಡಿ, ಛಾಯಾಚಿತ್ರ ತೆಗೆಯಬೇಡಿರೆಂದು ಸಭಿಕರನ್ನು ಬೇಡಿಕೊಂಡು, 2015ರವರೆಗೆ ಊರೂರು ಸುತ್ತಿ ಹಾಡಿತು. ಮೂರನೆಯ ಆಲ್ಬಂ ಬರಲಿಲ್ಲ. 2023ರಲ್ಲಿ ಮರ್ಜ್ ಕಂಪನಿ ತಂಡದ ಕೃತಿಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಸೇರಿಸಿ ಹೊರತಂದಿತು. ಅದರಲ್ಲಿ ಮೊದಲನೆಯ ಆಲ್ಬಮ್ಮೂ ಇದೆ. ತಮ್ಮನ ಕೀರ್ತಿಯ ಮರೆಯಲ್ಲಿ ನಿಂತ ಆ ಅಣ್ಣನಿಗೆ ಸಲ್ಲಬೇಕಾದ ಲಕ್ಷ್ಯ ಇನ್ನೂ ಸಂದಿಲ್ಲವೆಂದು ನನ್ನ ಎಣಿಕೆ.