ಉಪ್ಪುನೀರಿನ ನಡುವಣ ದುರ್ಗ

ಫ್ರಾನ್ಸ್ ದೇಶದ ದಕ್ಷಿಣ ಸೀಮೆಯಲ್ಲಿ, ರೋನ್ ನದಿಯು ಕವಲೊಡೆದು ಮೆಡಿಟರೇನಿಯನ್ ಸಮುದ್ರವನ್ನು ಸೇರುವ ಮುಖಜಭೂಮಿಯ ಪಡುವಣ ಅಂಚಿನಲ್ಲಿ, ಜೌಗು, ಜೊಂಡು ಮತ್ತು ಉಪ್ಪುನೀರಿನ ಹಿನ್ನೀರುಗಳ ನಡುವೆ, ಎಗ್‌ಮೋರ್ತ್ ಎಂಬ ಚಿಕ್ಕ ಪಟ್ಟಣವು 1634 ಮೀಟರು ಸುತ್ತಳತೆಯ ಅಖಂಡ ಪ್ರಾಕಾರವನ್ನು ತೊಟ್ಟು ಇಂದಿಗೂ ನಿಂತಿದೆ. ದಿಣ್ಣೆಯಾಗಲಿ ಬಂಡೆಯಾಗಲಿ ಇಲ್ಲದ, ಚಳಿಜ್ವರಕ್ಕೆ ತವರಾಗಿದ್ದ ಇಂತಹ ತಾಣವನ್ನು ಒಬ್ಬ ಬಲಾಢ್ಯ ಅರಸನು ತನ್ನ ರೇವಿಗೆಂದು ಆರಿಸಿಕೊಂಡುದು ಸ್ಥಳಗುಣವನ್ನು ಮೆಚ್ಚಿ ಅಲ್ಲ, ಆತನಿಗೆ ಅನ್ಯಗತಿಯಿರಲಿಲ್ಲ.

ಆ ಅರಸನು ಒಂಬತ್ತನೆಯ ಲೂಯಿ, ಮುಂದೆ ಸಂತಪದವಿಯನ್ನು ಪಡೆದವನು. ಹದಿಮೂರನೆಯ ಶತಮಾನದ ನಡುಭಾಗದಲ್ಲಿ ಪ್ರೊವಾನ್ಸ್ ಪ್ರಾಂತವು ಅದರ ಕೌಂಟನ ಅಧೀನದಲ್ಲಿಯೂ ಮೊಂಪೆಲ್ಯೇ ನಗರವು ಅರಗಾನಿನ ದೊರೆಯ ಕೈಯಲ್ಲಿಯೂ ಇದ್ದುದರಿಂದ, ಫ್ರಾನ್ಸಿನ ಸಿಂಹಾಸನಕ್ಕೆ ಮೆಡಿಟರೇನಿಯನ್ ಕರಾವಳಿಯಲ್ಲಿ ತನ್ನದೆನ್ನಬಹುದಾದ ರೇವು ಒಂದೂ ಇರಲಿಲ್ಲ. ಧರ್ಮಯುದ್ಧಕ್ಕೆ ಹೊರಡಲು ಸಂಕಲ್ಪಿಸಿದ ಲೂಯಿಯು ಪ್ಸಾಲ್ಮೊದಿಯ ಬೆನಡಿಕ್ಟೀನ್ ಮಠದಿಂದ ಈ ಜೌಗುನೆಲವನ್ನು ಪಡೆದು, ವಾಸಕ್ಕೆ ಬಂದವರಿಗೆ ಸುಂಕವಿನಾಯಿತಿಗಳನ್ನು ಕೊಡುವ ಶಾಸನವನ್ನು 1246ರಲ್ಲಿ ಹೊರಡಿಸಿದನು. 1248ರ ಆಗಸ್ಟ್ 25ರಂದು ಅವನ ನೌಕೆಗಳು ಇಲ್ಲಿಂದಲೇ ಸೈಪ್ರಸ್ಸಿನತ್ತ ಹೊರಟುವು. ಅವನ ಚರಿತ್ರಕಾರನೆಂದು ಖ್ಯಾತನಾದ ಜ್ವಾಂವಿಲನಾದರೋ ಅದೇ ಯಾತ್ರೆಗೆ ಮಾರ್ಸೇಯ್ ರೇವಿನಿಂದ ಹಡಗನ್ನೇರಿದನು. ಈಜಿಪ್ಟಿನಲ್ಲಿ ಸೋತು, ಸೆರೆಯಾಗಿ, ಬಿಡುಗಡೆಹೊಂದಿ, 1254ರಲ್ಲಿ ಮರಳುತ್ತಿದ್ದ ದೊರೆಯು ಪ್ರೊವಾನ್ಸಿನ ಇಯೇರ್ ಎಂಬಲ್ಲಿ ದಡ ಮುಟ್ಟಿದಾಗ, ತನ್ನ ಸ್ವಂತ ನೆಲವಾದ ಎಗ್‌ಮೋರ್ತಿನಲ್ಲಲ್ಲದೆ ಇಳಿಯೆನೆಂದು ಹಟ ಹಿಡಿದನೆಂದೂ, ರಾಣಿಯೂ ಆಪ್ತರೂ ಬಹಳ ಹೇಳಿಕೊಂಡ ಮೇಲೆ ಒಪ್ಪಿದನೆಂದೂ ಜ್ವಾಂವಿಲನೇ ಬರೆದಿದ್ದಾನೆ. 1270ರಲ್ಲಿ ಅರಸನು ಮತ್ತೊಮ್ಮೆ ಇಲ್ಲಿಂದಲೇ ಹೊರಟು ಟ್ಯೂನಿಸಿನಲ್ಲಿ ರೋಗದಿಂದ ಮಡಿದನು.

ಲೂಯಿಯ ಕಾಲದಲ್ಲಿ ಕಡಲು ಈ ಊರಿನ ಗೋಡೆಗಳಿಗೆ ಅಪ್ಪಳಿಸುತ್ತಿದ್ದು ಆಮೇಲೆ ಹಿಂದೆ ಸರಿಯಿತೆಂದು ಹೇಳುವ ವಾಡಿಕೆಯುಂಟು. ಇದು ಸರಿಯಲ್ಲ. ಪಟ್ಟಣವು ಅಂದೂ ಒಳನಾಡಿನಲ್ಲಿಯೇ ಇತ್ತು. ಹಡಗುಗಳು ಹಿನ್ನೀರುಗಳ ಮೂಲಕ ತೋಡಿದ ಕಾಲುವೆಗಳಿಂದ ಒಳಬರುತ್ತಿದ್ದುವು. ಆ ಕಾಲುವೆಗಳಲ್ಲಿ ರೋನ್ ನದಿಯ ಹೂಳು ಎಡೆಬಿಡದೆ ತುಂಬಿಕೊಳ್ಳುತ್ತಿದ್ದುದೇ ರೇವಿನ ಹುಟ್ಟುರೋಗ.

ಲೂಯಿಯು ಕಂಡುದು ಪ್ರಾಕಾರವನ್ನಲ್ಲ, ಕಾನ್‌ಸ್ತಾನ್ಸ್ ಬುರುಜೊಂದನ್ನೇ. ಆರು ಮೀಟರು ದಪ್ಪದ ಗೋಡೆಯುಳ್ಳ, ಮೂವತ್ತು ಮೀಟರಿಗೂ ಮಿಗಿಲಾದ ಎತ್ತರದ ಈ ದುಂಡು ಬುರುಜು ಕಾವಲುಮನೆಯೂ ಹೌದು, ನೆತ್ತಿಯ ಮೇಲಣ ಗೋಪುರದಿಂದಾಗಿ ದೀಪಸ್ತಂಭವೂ ಹೌದು. ಕೋಟೆಗಿಂತ ಮೊದಲೇ ಕಟ್ಟಿದುದರಿಂದ ಅದು ಗೋಡೆಯ ವಾಯವ್ಯ ಮೂಲೆಯ ಹೊರಗೆ ಬೇರೆಯಾಗಿಯೇ ನಿಂತಿದೆ. ಗೋಡೆಗಳನ್ನು ಆರಂಭಿಸಿದವನು ಅವನ ಮಗ ಮೂರನೆಯ ಫಿಲಿಪ್. ಒಮ್ಮೆ ಜಿನೋವಾದ ಜನನಾಯಕನಾಗಿದ್ದು ಅಧಿಕಾರಭ್ರಷ್ಟನಾದ ಗುಲ್ಯೆಲ್ಮೊ ಬೊಕ್ಕನೇಗ್ರನೊಡನೆ 1272ರಲ್ಲಿ ಆದ ಒಪ್ಪಂದದಂತೆ, ಅವನು ಕಟ್ಟಡಕ್ಕೆ 5000 ಲೀವ್ರ್ ಹಣ ಹೂಡಬೇಕು, ಊರಿನ ಆದಾಯದಲ್ಲಿ ಅರ್ಧವನ್ನು ಪಡೆಯಬೇಕು. ಎರಡೇ ವರ್ಷಗಳಲ್ಲಿ ಅವನು ತೀರಿಕೊಂಡನು. ಗೋಡೆಗಳು ಮುಗಿಯುವ ವೇಳೆಗೆ ಶತಮಾನವೇ ಮುಗಿಯುತ್ತ ಬಂದಿತ್ತು. ಹಡಗುಕಟ್ಟೆಯಿದ್ದ ತೆಂಕಣ ಗೋಡೆಗೆ ಇಟ್ಟ ಐದು ಬಾಗಿಲುಗಳು ಆ ಕಾಲದವರ ನಿರೀಕ್ಷೆಗೆ ಸಾಕ್ಷಿ.

ಆ ನಿರೀಕ್ಷೆ ಫಲಿಸಲಿಲ್ಲ. 1481ರಲ್ಲಿ ಪ್ರೊವಾನ್ಸ್ ಪ್ರಾಂತವು ಫ್ರಾನ್ಸಿಗೆ ಸೇರಿ ಮಾರ್ಸೇಯಿಯಂತಹ ಸಹಜ ಬಂದರು ದೊರೆಯ ಕೈಗೆ ಬಂದ ಮೇಲೆ, ಹೂಳೆತ್ತಿ ಹೂಳೆತ್ತಿ ಬದುಕಿಸಬೇಕಾದ ರೇವು ಯಾರಿಗೆ ಬೇಕು? 1538ರಲ್ಲಿ ಮೊದಲನೆಯ ಫ್ರಾನ್ಸ್ವನೂ ಚಕ್ರವರ್ತಿ ಐದನೆಯ ಚಾರ್ಲ್ಸನೂ ಇಲ್ಲಿ ಭೇಟಿಯಾಗಿ ಪರಸ್ಪರ ಸ್ನೇಹವನ್ನು ಘೋಷಿಸಿದುದೇ ಊರಿನ ಕೊನೆಯ ರಾಜವೈಭವ. ಆ ಸ್ನೇಹವೂ ಬಹುಕಾಲ ಬಾಳಲಿಲ್ಲ. ಆದರೆ ಈ ದಾರಿದ್ರ್ಯಕ್ಕೆ ನಾವು ಕೃತಜ್ಞರಾಗಿರಬೇಕು. ವ್ಯಾಪಾರ ಬೆಳೆದ ಊರುಗಳು ತಮ್ಮ ಕೋಟೆಗಳನ್ನು ಕೆಡವಿ ಬೀದಿಗಳನ್ನು ಅಗಲಿಸಿಕೊಂಡುವು. ಕಾರ್ಕಸೋನಿನ ಕೋಟೆಯು ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೊಲೆ-ಲ-ದ್ಯುಕ್ ಎಂಬ ಶಿಲ್ಪಿಯ ಜೀರ್ಣೋದ್ಧಾರಕ್ಕೆ ಸಿಕ್ಕಿ ಅರೆಪಾಲು ಅವನ ಕಲ್ಪನೆಯಾಯಿತು. ಎಗ್‌ಮೋರ್ತಿಗೆ ಕೆಡವುವ ಅಗತ್ಯವೂ ಬೀಳಲಿಲ್ಲ, ಅಷ್ಟು ಮಟ್ಟಿನ ಉದ್ಧಾರವೂ ಒದಗಲಿಲ್ಲ.

ರೇವು ಸಾಯುತ್ತಿದ್ದಂತೆ ಬುರುಜಿಗೆ ಬೇರೊಂದು ಉದ್ಯೋಗ ದೊರೆಯಿತು. ಒಳಗಿನವರನ್ನು ಕಾಯಲೆಂದು ಕಟ್ಟಿದ ಗೋಡೆಗಳು ಒಳಗಿನವರು ಹೊರಹೋಗದಂತೆ ಕಾಯತೊಡಗಿದುವು. 1685ರಲ್ಲಿ ಹದಿನಾಲ್ಕನೆಯ ಲೂಯಿಯು ಪ್ರಾಟೆಸ್ಟಂಟರಿಗಿದ್ದ ಅಭಯಶಾಸನವನ್ನು ರದ್ದುಮಾಡಿದ ತರುವಾಯ ಕಾನ್‌ಸ್ತಾನ್ಸ್ ಬುರುಜು ಆ ಮತದವರ ಸೆರೆಮನೆಯಾಯಿತು. 1705ರ ಜುಲೈ ತಿಂಗಳ ಒಂದು ರಾತ್ರಿ ಅಬ್ರಹಾಂ ಮಜೆಲ್ ಎಂಬ ದಂಗೆಯ ನಾಯಕನು ಬಾಣಗಂಡಿಯ ಕಲ್ಲನ್ನು ಸಡಿಲಿಸಿ, ಹೊದಿಕೆಗಳನ್ನು ಗಂಟುಹಾಕಿ, ಹದಿನಾರು ಮಂದಿ ಸಂಗಡಿಗರೊಡನೆ ಇಳಿದು ಪಾರಾದನು. ಗಂಡಸರನ್ನು ಸಾಮಾನ್ಯವಾಗಿ ಹುಟ್ಟುಹಾಕುವ ಹಡಗುಗಳ ಜೀತಕ್ಕೆ ಅಟ್ಟುತ್ತಿದ್ದರಾಗಿ, ಆಮೇಲೆ ಬುರುಜಿನಲ್ಲಿ ಉಳಿದವರು ಹೆಂಗಸರು. ವಿವಾರೇ ಸೀಮೆಯ ಮರೀ ದ್ಯುರಾಂ ಎಂಬಾಕೆ, ಮತಬೋಧಕನೊಬ್ಬನ ತಂಗಿಯೆಂಬ ಕಾರಣದಿಂದ 1730ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನ ಸುಮಾರಿನಲ್ಲಿ ಒಳಹೊಕ್ಕವಳು, ಹೊರಬಂದುದು 1768ರಲ್ಲಿ. ಅಣ್ಣನನ್ನು 1732ರಲ್ಲಿ ಮೊಂಪೆಲ್ಯೇಯಲ್ಲಿ ನೇಣಿಗೇರಿಸಿದ್ದರು. ಸ್ವಮತವನ್ನು ತ್ಯಜಿಸಿದೆನೆಂದು ಒಂದು ಮಾತು ನುಡಿದಿದ್ದರೆ ಬಾಗಿಲು ತೆರೆಯುತ್ತಿತ್ತು. ಮೂವತ್ತೆಂಟು ವರ್ಷ ಆಕೆ ಆ ಮಾತನ್ನು ನುಡಿಯಲಿಲ್ಲ. ಸಹಬಂದಿಗಳ ಪರವಾಗಿ ನೆರವು ಬೇಡಿ ಆಕೆ ಬರೆದ ಪತ್ರಗಳು ಉಳಿದಿವೆ. ಮೇಲಣ ಸಭಾಂಗಣದ ನಡುವಿನ ರಂಧ್ರದ ಕಲ್ಲಂಚಿನಲ್ಲಿ, ಎದುರಿಸಿ ನಿಲ್ಲುವುದೆಂಬ ಅರ್ಥದ ಒಂದೇ ಪದವನ್ನು ಯಾರೋ ಕೆತ್ತಿದ್ದಾರೆ. ಜನರು ಅದನ್ನು ಆಕೆಯ ಕೈಬರಹವೆಂದು ನಂಬುತ್ತಾರೆ.

ಊರಿಗೆ ಅನ್ನ ಕೊಟ್ಟುದು ಉಪ್ಪು. ಅರಸರ ಕಾಲದಲ್ಲಿ ಗಬೆಲ್ ಎಂಬ ಉಪ್ಪಿನ ತೆರಿಗೆಯು ಬೊಕ್ಕಸವನ್ನು ತುಂಬಿತು. 1856ರಲ್ಲಿ ಸ್ಥಾಪಿತವಾದ ಕಂಪನಿಯೊಂದು ಸುತ್ತಣ ಆಗರಗಳನ್ನು ಒಗ್ಗೂಡಿಸಿತು. ಬೇಸಗೆಯ ಕೊನೆಯಲ್ಲಿ ಉಪ್ಪನ್ನು ಎತ್ತುವ ಕಾಲಕ್ಕೆ ಫ್ರೆಂಚ್ ಕೂಲಿಗಳೂ ಇಟಲಿಯಿಂದ ಬಂದ ಕೂಲಿಗಳೂ ನೆರೆಯುತ್ತಿದ್ದರು. ಎತ್ತಿದಷ್ಟಕ್ಕೆ ಕೂಲಿಯೆಂಬ ಪದ್ಧತಿಯಿದ್ದುದರಿಂದ ನಿಧಾನಿಯ ಮೇಲೆ ಚುರುಕಿನವನಿಗೆ ಕೋಪ, ಚುರುಕಿನವನ ಮೇಲೆ ನಿಧಾನಿಗೆ ದ್ವೇಷ. 1893ರ ಆಗಸ್ಟಿನಲ್ಲಿ ಈ ಕಲಹವು ಹೊತ್ತಿಕೊಂಡು, ಇಟಲಿಯವರು ಊರವರನ್ನು ಕೊಂದರೆಂಬ ಸುಳ್ಳು ಸುದ್ದಿ ಹಬ್ಬಿ, ರೊಟ್ಟಿಯಂಗಡಿಯೊಂದರಲ್ಲಿ ಅಡಗಿದವರನ್ನು ಮುತ್ತಿದ ಜನರು, ಮರುದಿನ ಪೊಲೀಸರ ಕಾವಲಿನಲ್ಲಿ ರೈಲುನಿಲ್ದಾಣದತ್ತ ಸಾಗುತ್ತಿದ್ದವರ ಮೇಲೂ ಬಿದ್ದರು. ಸರ್ಕಾರದ ಲೆಕ್ಕದಂತೆ ಸತ್ತವರು ಎಂಟು ಮಂದಿ ಇಟಲಿಯವರು. ರೋಮ್ ನಗರದಲ್ಲಿ ಜನರು ಫ್ರೆಂಚ್ ರಾಯಭಾರಿಯ ಅರಮನೆಯ ಮುಂದೆ ದಾಂಧಲೆ ಮಾಡಿದರು. ಆಂಗುಲೇಮಿನಲ್ಲಿ ನಡೆದ ವಿಚಾರಣೆಯಲ್ಲಿ ಪಂಚರು ಆಪಾದಿತರೆಲ್ಲರನ್ನೂ ನಿರ್ದೋಷಿಗಳೆಂದು ಬಿಟ್ಟರು. ಎರಡು ಸರ್ಕಾರಗಳೂ ಪರಸ್ಪರ ಪರಿಹಾರಧನವನ್ನು ಕೊಟ್ಟುಕೊಂಡು ವ್ಯಾಜ್ಯವನ್ನು ಮುಗಿಸಿಕೊಂಡುವು.