ಮುನ್ನರಿವಿನ ವಿದ್ಯೆ ಮತ್ತು ಕೊಡಗಿನ ದೂರ

ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಎಂಡೊಮೆಟ್ರಿಯಲ್ ಕ್ಯಾನ್ಸರ್ ಗರ್ಭಕೋಶವನ್ನು ದಾಟಿ ಹರಡಿದಾಗ, ರೋಗಿ ಎಷ್ಟು ಕಾಲ ಬದುಕಿಯಾಳು, ಯಾವ ಚಿಕಿತ್ಸೆ ಆಕೆಗೆ ಫಲಿಸೀತು ಎಂದು ಮೊದಲೇ ಅಂದಾಜಿಸುವ ವಿದ್ಯೆಯ ಚರಿತ್ರೆಯನ್ನು ಕೊಡಗಿನ ಕಡೆಯಿಂದ ನೋಡಿದರೆ, ಆ ವಿದ್ಯೆ ಬೆಳೆದ ವೇಗಕ್ಕೂ ಬೆಟ್ಟದ ಸೀಮೆಯ ಹೆಂಗಸರನ್ನು ಅದು ತಲುಪಿದ ವೇಗಕ್ಕೂ ಇರುವ ಅಂತರ ಎದ್ದು ಕಾಣುತ್ತದೆ.

ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಗೊ 1971ರಲ್ಲಿ ಒಪ್ಪಿಕೊಂಡಿದ್ದ ಹಂತ ವಿಂಗಡಣೆಯಂತೆ, ವೈದ್ಯರು ತೆಳುವಾದ ಲೋಹದ ಕಡ್ಡಿಯನ್ನು ಗರ್ಭಕೋಶದೊಳಗೆ ಇಳಿಸಿ ಅದರ ಒಳಗಿನ ಉದ್ದ 8 ಸೆಂಟಿಮೀಟರನ್ನು ಮೀರಿದೆಯೇ ಎಂದು ಅಳೆಯುತ್ತಿದ್ದರು. ದುಗ್ಧಗ್ರಂಥಿಗಳಲ್ಲಿ, ಎಂದರೆ ದೇಹದ ದ್ರವವನ್ನು ಸೋಸುವ ಸಣ್ಣ ಗಂಟುಗಳಲ್ಲಿ, ಅಡಗಿ ಕುಳಿತ ರೋಗ ಈ ಅಳತೆಗೆ ಸಿಗುತ್ತಿರಲಿಲ್ಲವಾದ್ದರಿಂದ, 1988ರಲ್ಲಿ ಒಕ್ಕೂಟವು ಶಸ್ತ್ರಚಿಕಿತ್ಸೆಯಲ್ಲಿ ಕಂಡದ್ದನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೂ ಆಧಾರವಾಗಿಟ್ಟುಕೊಂಡ ವಿಂಗಡಣೆಗೆ ಹೊರಳಿತು.

ಇತ್ತ ಕೊಡಗು 1956ರಲ್ಲಿ ಮೈಸೂರು ರಾಜ್ಯದೊಂದಿಗೆ ವಿಲೀನಗೊಂಡು ಹದಿನೇಳು ವರ್ಷಗಳಾದ ಮೇಲೆ, 1973ರಲ್ಲಿ, ಬೆಂಗಳೂರಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆ ಆರಂಭವಾಯಿತು. ಕೊಡಗಿನ ಜಿಲ್ಲಾಕೇಂದ್ರ ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುವಂಥದು, ಆದ್ದರಿಂದ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋದವರು ಮನೆ, ತೋಟ ಬಿಟ್ಟು ಅಲ್ಲಿಯೇ ತಂಗಬೇಕಾಗುತ್ತದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಂಗಳೂರಿನತ್ತ ಇಳಿಯುವ ಸಂಪಾಜೆ ಘಾಟಿಯ ರಸ್ತೆ ಮುಚ್ಚಿಹೋದದ್ದನ್ನು ನೆನೆದರೆ, ಚಿಕಿತ್ಸೆಯ ಫಲವನ್ನು ಅಂದಾಜಿಸುವಾಗ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕೆನ್ನುವುದು ಅತಿಶಯವಲ್ಲ.

ಎಂಡೊಮೆಟ್ರಿಯಲ್ ಕ್ಯಾನ್ಸರಿನ ಗಡ್ಡೆಗಳನ್ನು ಅಣುಮಟ್ಟದ ಗುಣಗಳಿಂದ ನಾಲ್ಕು ಗುಂಪುಗಳಾಗಿ ಬೇರ್ಪಡಿಸಬಹುದೆಂದು 2013ರಲ್ಲಿ ತಿಳಿದುಬಂದ ಮೇಲೆ ಮುನ್ನರಿವಿನ ಸ್ವರೂಪವೇ ಬದಲಾಯಿತು. ಮೇಣದಲ್ಲಿ ಹುದುಗಿಸಿದ ಗಡ್ಡೆಯ ತುಣುಕಿನಿಂದ ಕೂದಲಿಗಿಂತ ತೆಳುವಾದ ಪದರವನ್ನು ಕತ್ತರಿಸಿ, ಬಣ್ಣ ಹಿಡಿಸಿ ನೋಡಿದಾಗ, ಜೀವಕೋಶದ ಕಾವಲು ಪ್ರೋಟೀನಾದ ಪಿ53 ಕೆಟ್ಟಿದೆಯೇ, ಎಂದರೆ ಗಡ್ಡೆ ಆ ಗುಂಪುಗಳಲ್ಲೊಂದಕ್ಕೆ ಸೇರಿದೆಯೇ ಎಂಬುದು ಗೊತ್ತಾಗುತ್ತದೆ. ವಿಕಿರಣವನ್ನಷ್ಟೇ ಕೊಡುವುದನ್ನೂ ಅದರೊಂದಿಗೆ ಕೀಮೋಥೆರಪಿ ಕೊಡುವುದನ್ನೂ ಹೋಲಿಸಿದ ಪೋರ್ಟೆಕ್-3 ಅಧ್ಯಯನದ 410 ಗಡ್ಡೆಗಳನ್ನು 2020ರಲ್ಲಿ ಈ ನಾಲ್ಕು ಗುಂಪುಗಳಾಗಿ ವಿಂಗಡಿಸಿದಾಗ, ಪಿ53 ಕೆಟ್ಟಿದ್ದವರಲ್ಲಿ ವಿಕಿರಣವನ್ನಷ್ಟೇ ಪಡೆದವರ ಪೈಕಿ ಶೇ. 36ರಷ್ಟು ಮಂದಿ, ಅದರೊಂದಿಗೆ ಕೀಮೋಥೆರಪಿಯನ್ನೂ ಪಡೆದವರ ಪೈಕಿ ಶೇ. 59ರಷ್ಟು ಮಂದಿ ಐದು ವರ್ಷಗಳ ಬಳಿಕವೂ ರೋಗ ಮರುಕಳಿಸದೆ ಬದುಕಿದ್ದರು. ಡಿಎನ್‌ಎಯ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟ ಮತ್ತೊಂದು ಗುಂಪಿನ ಗಡ್ಡೆಗಳಲ್ಲಿ ಕೀಮೋಥೆರಪಿಯೊಂದಿಗೆ ದೇಹದ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಚಿಕಿತ್ಸೆಯೂ ಸೇರಿದರೆ ಹೆಚ್ಚು ಫಲ ಸಿಗುತ್ತದೆಂಬುದನ್ನು 2023ರ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು.

ರೋಗಿ ಪ್ರಯಾಣ ಮಾಡಲಾಗದಿದ್ದರೂ ಆ ಮೇಣದ ತುಣುಕು ಮಡಿಕೇರಿಯಿಂದ ಪ್ರಯೋಗಾಲಯಕ್ಕೆ ಹೋಗಬಲ್ಲದು. ಅದನ್ನು ಜೋಪಾನವಾಗಿಟ್ಟು ಪರೀಕ್ಷೆಗೆ ಕಳಿಸುವ ಕ್ರಮ ಜಿಲ್ಲೆಯಲ್ಲಿ ಗಟ್ಟಿಯಾಗಬೇಕು. ರೋಗಿಗಳ ಎಣಿಕೆಯಲ್ಲೂ ದೂರದ ಕೊರತೆಯಿದೆ: 1982ರಿಂದ ನಡೆದುಬಂದ ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯು ಆ ಪ್ರದೇಶದ ನಿವಾಸಿಗಳನ್ನು ಮಾತ್ರ ಎಣಿಸುವುದರಿಂದ, ಅಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳಿದ ಕೊಡಗಿನ ಹೆಂಗಸು ಅದರ ಲೆಕ್ಕದೊಳಗೆ ಸೇರುವುದಿಲ್ಲ.